ಗಾಜಿನ ಸೂರಿನಡಿ ಒಂದು ಛತ್ರಿ ಅಂಗಡಿ

ನಮ್ಮ ಮನೆಯಲ್ಲಿ ಏಳು ಛತ್ರಿಗಳಿವೆ. ಏಳರಲ್ಲಿ ಒಂದಕ್ಕೂ ಇದುವರೆಗೆ ಒಂದು ಹನಿ ಮಳೆ ತಾಗಿಲ್ಲ. ಮೊನ್ನೆ ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಆ ಕಟ್ಟು ಜಾರಿ ನೇರವಾಗಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಕುಂಟುತ್ತಾ ಹೋಗಿ ಸೋಫಾದ ಮೇಲೆ ಕೂತವಳಿಗೆ ಕಳೆದ ಮಳೆಗಾಲ ನೆನಪಾಗಿ, ಆ ನೋವಿನಲ್ಲೂ ನಗು ಬಂತು. ನನ್ನ ಗಂಡ ರಘು ಒಳಗಿನಿಂದ ಬಂದು, "ಏನಾಯ್ತು?" ಅಂದರು. "ಛತ್ರಿ ಬಿತ್ತು" ಅಂದೆ. "ಅದಕ್ಕೆ ನಗ್ತಾರಾ ಯಾರಾದ್ರೂ?" ಎಂದು ಮತ್ತೆ ಒಳಗೆ ಹೋದರು. ಅವರಿಗೆ ಹೇಳಿ ಪ್ರಯೋಜನವಿಲ್ಲ. ಇಲ್ಲಿನ ಯೂನಿವರ್ಸಿಟಿಯಲ್ಲಿ ಅಕ್ಕಿಗೆ ಬೀಳುವ ಹುಳದ ಮೇಲೆ ಸಂಶೋಧನೆ ಮಾಡುವ ಮನುಷ್ಯ. ಆ ಮೂರು ವಾರ ಮನೆಯಲ್ಲಿ ನಡೆದದ್ದು ಅವರ ಗಮನಕ್ಕೇ ಬಂದಿರಲಿಲ್ಲ. ನಿಮಗೆ ಹೇಳುತ್ತೇನೆ, ಕೇಳಿ.

ನಾವಿರುವುದು ಫುಕುವೋಕಾದ ಒಂದು ಹಳೇ ಬಡಾವಣೆಯ ಅಂಗಡಿ ಬೀದಿಯಲ್ಲಿ. ಎರಡೂ ಕಡೆ ಅಂಗಡಿ ಸಾಲು, ನಡುವೆ ನಡೆಯುವ ದಾರಿ, ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕಬ್ಬಿಣದ ಕಮಾನುಗಳು, ಕಮಾನುಗಳ ಮೇಲೆ ಗಾಜು. ಇಡೀ ಬೀದಿಗೇ ಒಂದು ಗಾಜಿನ ಸೂರು. ಅಂಗಡಿಗಳ ಮೇಲಿನ ಮಹಡಿಯಲ್ಲಿ ಮನೆಗಳು. ಕೆಳಗಿನವು ಮೇಲಿನವು ಸೇರಿ ಒಟ್ಟು ಇಪ್ಪತ್ತೆಂಟು ಮನೆ, ನಮ್ಮದು ಹದಿನೈದನೇ ನಂಬರು. ನಮ್ಮ ಕಿಟಕಿ ತೆರೆಯುವುದೂ ಸೂರಿನ ಕೆಳಗೇ ಆದ್ದರಿಂದ ನಾನು ಒಣಗಹಾಕಿದ ಬಟ್ಟೆಗೆ ಮಳೆಯ ಕಾಟ ಇಲ್ಲ. ಬಿಸಿಲಿನ ಕಾಟವೂ ಇಲ್ಲ. ಸೋಮವಾರ ಒಗೆದ ಟವೆಲ್ಲು ಗುರುವಾರದ ಹೊತ್ತಿಗೆ ಸುಮಾರಾಗಿ ಒಣಗುತ್ತದೆ.

ಇಂಥ ಬೀದಿಯಲ್ಲಿ, ನಮ್ಮ ಮನೆಯ ಸರಿಯಾಗಿ ಕೆಳಗೆ ಇರುವುದು ಏನು ಹೇಳಿ? ಛತ್ರಿ ಅಂಗಡಿ. ಮಳೆಯೇ ಬೀಳದ ಬೀದಿಯಲ್ಲಿ ಛತ್ರಿ ಮಾರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ಯಜಮಾನರು ಮೊರಿತಾ ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ), ಹದಿನಾಲ್ಕನೇ ನಂಬರಿನವರು, ಎಪ್ಪತ್ತೆಂಟು ವಯಸ್ಸು, ಹೆಂಡತಿ ತೀರಿಹೋಗಿ ಒಬ್ಬರೇ ಇರುತ್ತಾರೆ. ಕಡ್ಡಿ ಬಗ್ಗಿಸುವುದರಿಂದ ಬಟ್ಟೆ ಹೊಲಿಯುವವರೆಗೆ ಎಲ್ಲಾ ತಾವೇ ಮಾಡುತ್ತಾರೆ. ಮಾತು ಕಡಿಮೆ, ಆಡಿದರೆ ಅದು ಸೂರಿನ ಮೇಲಿನ ಬೈಗುಳ. ಮಳೆ ಬಂತೆಂದರೆ ಬಾಗಿಲಿಗೆ ಬಂದು ಕತ್ತೆತ್ತಿ ಗಾಜಿನ ಮೇಲೆ ಹರಿಯುವ ನೀರು ನೋಡುತ್ತಾ, "ಎಷ್ಟು ಒಳ್ಳೇ ಮಳೆ, ಎಲ್ಲಾ ದಂಡ" ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೂ ಇದನ್ನೇ ಹೇಳುತ್ತಿದ್ದರಂತೆ.

ಆ ಸೂರು ಬಂದ ಕಥೆಯನ್ನು ನನಗೆ ಹೇಳಿದವರೂ ಅವರೇ. ನಾನು ಜಪಾನೀ ಪರೀಕ್ಷೆಯ ಮೂರನೇ ಮಟ್ಟ ಪಾಸು ಮಾಡಿದವಳು. ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೇನೆ. ಆದರೂ ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನನಗೆ ಅರ್ಥವಾಗಿದೆ, ಉಳಿದ ಕಾಲು ಪಾಲು ನಾನೇ ತುಂಬಿಕೊಂಡಿದ್ದೇನೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ಇಲ್ಲಿ ಸೂರಿರಲಿಲ್ಲವಂತೆ. ಮಳೆ ಬಂದರೆ ಬೀದಿಯೆಲ್ಲಾ ಕೆಸರು. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗಡಿಯ ಮುಂದೆ ಬಿದಿರಿನ ತಟ್ಟಿ ಇಳಿಬಿಡುತ್ತಿದ್ದರು. ಒಬ್ಬರ ತಟ್ಟಿಯ ನೀರು ಪಕ್ಕದವರ ಸಾಮಾನಿನ ಮೇಲೆ ಸುರಿಯುವುದು, ಜಗಳ ಆಗುವುದು. ಮಿಠಾಯಿ ಅಂಗಡಿಯವರಿಗೂ ಮರದ ಚಪ್ಪಲಿ ಅಂಗಡಿಯವರಿಗೂ ಇದೇ ಕಾರಣಕ್ಕೆ ವರ್ಷಗಟ್ಟಲೆ ಮಾತಿರಲಿಲ್ಲ. ಹೀಗಿರುವಾಗ ಬೀದಿಯ ಬಾಯಲ್ಲಿದ್ದ ಟೀ ಸೊಪ್ಪಿನ ಅಂಗಡಿಯ ಅಜ್ಜನಿಗೆ, ಹಡಗಿನಲ್ಲಿ ಕೆಲಸಕ್ಕಿದ್ದ ನೆಂಟನೊಬ್ಬ ಯೂರೋಪಿನಿಂದ ಒಂದು ಪೋಸ್ಟ್‌ಕಾರ್ಡ್ ಕಳಿಸಿದ. ಅದರಲ್ಲಿ ಯಾವುದೋ ದೊಡ್ಡ ಊರಿನ ಅಂಗಡಿ ಬೀದಿ. ಅಮೃತಶಿಲೆಯ ನೆಲ, ನೆಲ ಗುಡಿಸುವಷ್ಟು ಉದ್ದದ ಲಂಗ ತೊಟ್ಟ ಹೆಂಗಸರು, ಮೇಲೆ ಆಕಾಶದಷ್ಟು ಎತ್ತರದ ಗಾಜಿನ ಸೂರು. ಅಜ್ಜನಿಗೆ ಹುಚ್ಚು ಹಿಡಿಯಿತು. ಬಂದ ಗಿರಾಕಿಗೆಲ್ಲಾ ಟೀ ಸೊಪ್ಪು ತೂಗುವ ಮೊದಲು ಪೋಸ್ಟ್‌ಕಾರ್ಡ್ ತೋರಿಸುವುದು. ಕೊನೆಗೆ ಬೀದಿಯವರೆಲ್ಲಾ ಸೇರಿ, ನಮಗೂ ಇಂಥದ್ದೇ ಒಂದು ಇರಲಿ ಅಂತ ತೀರ್ಮಾನ ಮಾಡಿದರು.

ಕಬ್ಬಿಣದ ಕೆಲಸದವನ ಕೈಗೆ ಆ ಪೋಸ್ಟ್‌ಕಾರ್ಡನ್ನೇ ಕೊಟ್ಟರಂತೆ. ಅವನು ಶ್ರದ್ಧೆಯ ಮನುಷ್ಯ, ಚಿತ್ರದಲ್ಲಿದ್ದ ಹಾಗೇ ಕಮಾನಿಗೆ ಬಳ್ಳಿ, ಹೂವು, ಸುರುಳಿ ಎಲ್ಲಾ ಕೂರಿಸಿದ. ಆದರೆ ಚಿತ್ರದಲ್ಲಿ ಇದ್ದದ್ದು ಬೀದಿಯ ಒಂದೇ ತುದಿ. ಇನ್ನೊಂದು ತುದಿ ಹೇಗಿದೆಯೋ ಯಾರಿಗೆ ಗೊತ್ತು? ಗೊತ್ತಿಲ್ಲದ್ದನ್ನು ತಾನಾಗಿ ಮಾಡುವುದು ಸರಿಯಲ್ಲವೆಂದು ಆ ತುದಿಯನ್ನು ಬರೀ ಕಂಬಿಯಲ್ಲೇ ಮುಗಿಸಿದ. ಹಾಗಾಗಿ ನಮ್ಮ ಬೀದಿ ಒಂದು ಕಡೆಯಿಂದ ನೋಡಿದರೆ ಯೂರೋಪು, ಇನ್ನೊಂದು ಕಡೆಯಿಂದ ನೋಡಿದರೆ ಬಸ್ ಡಿಪೋ. ನಮ್ಮ ಮನೆ ಡಿಪೋ ಕಡೆ ಇದೆ.

ಅದಿರಲಿ. ಸೂರು ಕಟ್ಟಲು ಎಲ್ಲಾ ಮನೆಯವರ ಒಪ್ಪಿಗೆ ಬೇಕಿತ್ತು. ಇಲ್ಲಿ ಸಹಿಯ ಬದಲು ಮೊಹರು. ಎಲ್ಲರೂ ಒತ್ತಿದರು, ಒಬ್ಬರನ್ನು ಬಿಟ್ಟು. ಯಾರು ಎಂದು ಹೇಳಬೇಕಾಗಿಲ್ಲ. ಮೊರಿತಾ ಸಾನರ ಅಪ್ಪ, "ಬೀದಿಗೆಲ್ಲಾ ನೀವೇ ಛತ್ರಿ ಹಿಡಿದರೆ ನಾನು ಏನು ಮಾರಲಿ?" ಎಂದು ಕೂತುಬಿಟ್ಟರು. ಒಂದು ವರ್ಷ ಅಲುಗಾಡಲಿಲ್ಲ. ಸಂಜೆಯಾದರೆ ಒಬ್ಬೊಬ್ಬರಾಗಿ ಬಂದು ಸಾಕೆ ಎಂಬ ಅಕ್ಕಿಯ ಮದ್ಯ ಕುಡಿಸಿ, ಬೆನ್ನು ಸವರಿ, ಕೈಮುಗಿದು ಹೋಗುವರು. ಕೊನೆಗೊಂದು ಒಪ್ಪಂದವಾಯಿತು. ಸೂರು ಇರುವಷ್ಟು ಕಾಲ ಪ್ರತಿಯೊಂದು ಮನೆಯವರೂ ಮಳೆಗಾಲದ ಮೊದಲು ಅವರಿಂದ ಒಂದು ಛತ್ರಿ ಕೊಳ್ಳಬೇಕು. ಕೊಂಡರು. ಅವರ ಮಕ್ಕಳೂ ಕೊಂಡರು, ಮೊಮ್ಮಕ್ಕಳೂ ಕೊಳ್ಳುತ್ತಿದ್ದಾರೆ. ಮೇಲುಮಹಡಿಯ ಬಾಡಿಗೆಯವರಿಗೂ ವಿನಾಯಿತಿ ಇಲ್ಲ. ನಾವು ಬಂದು ಏಳು ವರ್ಷ, ನಮ್ಮಲ್ಲಿ ಏಳು. ತೋಫು ಅಂಗಡಿಯಾಕೆ ಹಳೇ ಛತ್ರಿಗಳನ್ನು ಸೊಪ್ಪು ಒಣಗಿಸಲು ತಲೆಕೆಳಗಾಗಿ ನೇತುಹಾಕಿದ್ದಾಳೆ. ಈ ಬೀದಿಯಲ್ಲಿ ಮದುವೆಯಾದ ಹುಡುಗಿಗೆ ಉಡುಗೊರೆ ಏನು ಬರುತ್ತದೆ ಎಂದು ಯಾರೂ ಕಾತರದಿಂದ ಕಾಯುವುದಿಲ್ಲ.

ಮೊರಿತಾ ಸಾನರ ವರ್ಷವಿಡೀ ಕೆಲಸ ಈ ಇಪ್ಪತ್ತೇಳು ಛತ್ರಿಗಳೇ. ಹೊರಗಿನ ಗಿರಾಕಿಗಳು ಇಲ್ಲವೆಂದರೂ ಸರಿ. ಮಳೆ ಬಂದರೆ ಜನ ಕೊಂಬಿನಿ ಎಂಬ ಹಗಲೂ ರಾತ್ರಿ ತೆರೆದಿರುವ ಅಂಗಡಿಗೆ ಓಡಿ ಪ್ಲಾಸ್ಟಿಕ್ ಛತ್ರಿ ತರುತ್ತಾರೆ, ಗಾಳಿಗೆ ಮುರಿದರೆ ಬಿಸಾಡುತ್ತಾರೆ. ಆದರೆ ಇವರು ಒಂದೊಂದು ಮನೆಗೂ ಯೋಚಿಸಿ ಮಾಡುತ್ತಾರೆ. ನನಗೆ ಗಿಡ್ಡ ಹಿಡಿ, ರಘುಗೆ ಉದ್ದ ಹಿಡಿ. ಒಂದು ವರ್ಷ ನನ್ನ ಛತ್ರಿಯ ಅಂಚಿಗೆ ಅರಿಶಿನ ಬಣ್ಣದ ಪಟ್ಟಿ ಇತ್ತು. ನಾನು ಉಟ್ಟಿದ್ದ ಸೀರೆ ನೋಡಿ ಹಾಕಿದ್ದರಂತೆ. ಮಳೆಯಲ್ಲಿ ಹಿಡಿಯಲು ಮನಸ್ಸೇ ಬರಲಿಲ್ಲ.

ಈ ಬೀದಿಯ ಕಥೆ ಕೇಳಿದಾಗೆಲ್ಲಾ ನನಗೆ ಮೈಸೂರಿನ ನಮ್ಮ ವಠಾರ ನೆನಪಾಗುತ್ತದೆ. ಒಂದೇ ಅಂಗಳ, ಒಂಬತ್ತು ಮನೆ, ಒಂದು ನಲ್ಲಿ. ನಮ್ಮ ಅಡುಗೆಮನೆಯ ಹೆಂಚಿನ ನಡುವೆ ಒಂದೇ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿದ ಬಿಸಿಲಿನ ಚೌಕ ಬೆಳಗ್ಗೆ ಒಲೆಯ ಹತ್ತಿರ ಇದ್ದು, ನಿಧಾನವಾಗಿ ಸರಿಯುತ್ತಾ ಒರಳುಕಲ್ಲು ಮುಟ್ಟಿದರೆ ನಾವು ಸ್ಕೂಲಿಗೆ ಹೊರಡಬೇಕು. ನಾನೊಂದು ದಿನ ಒರಳಿನ ಮೇಲೆ ಕೂತು ಬಿಸಿಲಿಗೆ ಅಡ್ಡ ಕೈ ಹಿಡಿದು, "ಇನ್ನೂ ಟೈಮ್ ಆಗಿಲ್ಲಮ್ಮ" ಅಂದು ಒದೆ ತಿಂದಿದ್ದೇನೆ. ವಠಾರದ ಇನ್ನೊಂದು ಕಟ್ಟಳೆ, ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಅವರು ಹುಳಿ ಕೊಟ್ಟ ಬಟ್ಟಲಿಗೆ ನೀವು ಪಲ್ಯ ಹಾಕಬೇಕು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಸರಿ. ನಮಗೂ ಎದುರು ಮನೆಯ ವಿಶಾಲಮ್ಮನಿಗೂ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಲೇ ಇತ್ತು. ಯಾರ ಡಬ್ಬಿ ಎಂಬುದೇ ಎರಡೂ ಮನೆಯವರಿಗೆ ಮರೆತುಹೋಗಿತ್ತು.

ಕಳೆದ ಜೂನಿನಲ್ಲಿ ನಮ್ಮತ್ತೆ ಜಾನಕಮ್ಮ ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದರು. ಅತ್ತೆಗೆ ಮಂಡಿನೋವು. ದಿನಾ ಅರ್ಧ ಗಂಟೆ ನಡೆಯದಿದ್ದರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಬಂದ ಮರುದಿನವೇ ಮಳೆ ಹಿಡಿಯಿತು. ಆದರೆ ಅತ್ತೆಗೆ ಯಾವ ತೊಂದರೆಯೂ ಆಗಲಿಲ್ಲ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಗನ ಹಳೇ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಗಾಜಿನ ಸೂರಿನ ಕೆಳಗೆ ಬೀದಿಯ ಈ ತುದಿಯಿಂದ ಆ ತುದಿಗೆ ದಿನಕ್ಕೆ ಎಂಟು ಸುತ್ತು. ದಾರಿಯಲ್ಲಿ ಸಿಕ್ಕವರೊಡನೆಲ್ಲಾ ಕನ್ನಡದಲ್ಲೇ ಮಾತು. "ಏನಮ್ಮಾ, ಇವತ್ತು ಬೇಗ ಬಾಗಿಲು ತೆಗೆದಿದ್ದೀಯ?" ಎಂದು ತೋಫು ಅಂಗಡಿಯಾಕೆಯನ್ನು ಕೇಳುವರು. ಆಕೆ ಜಪಾನಿಯಲ್ಲಿ ಏನೋ ಹೇಳುವಳು. "ಹೌದೌದು, ಈ ಮಳೇಲಿ ಇನ್ನೇನು ಮಾಡಕ್ಕಾಗತ್ತೆ" ಎಂದು ಅತ್ತೆ ಮುಂದಕ್ಕೆ ಹೋಗುವರು. ವಾರ ಕಳೆಯುವಷ್ಟರಲ್ಲಿ ನನಗಿಂತ ಹೆಚ್ಚು ಜನ ಅವರಿಗೆ ಪರಿಚಯ. ಏಳು ವರ್ಷ ಪುಸ್ತಕ ಹಿಡಿದು ಜಪಾನಿ ಕಲಿತ ನನಗೆ ಸ್ವಲ್ಪ ಹೊಟ್ಟೆ ಉರಿಯಿತು ಎಂದರೆ ಸುಳ್ಳಲ್ಲ.

ಈ ಬೀದಿಯಲ್ಲಿ ಇನ್ನೊಂದು ಪದ್ಧತಿ ಇದೆ. ಬೀದಿಯ ಮನೆಯವರ ಸಂಘದವರು ಏನಾದರೂ ತಿಳಿಸಬೇಕಾದರೆ ಒಂದು ರಟ್ಟಿಗೆ ಕಾಗದ ಸಿಕ್ಕಿಸಿ ಮನೆಯಿಂದ ಮನೆಗೆ ಕಳಿಸುತ್ತಾರೆ. ನಾವು ಪರೀಕ್ಷೆ ಬರೆಯುವಾಗ ಒಯ್ಯುತ್ತಿದ್ದೆವಲ್ಲ, ಕ್ಲಿಪ್ಪಿನ ರಟ್ಟು, ಅಂಥದ್ದೇ. ಇಲ್ಲಿಯವರು ಕೈರಾನ್‌ಬನ್ ಅನ್ನುತ್ತಾರೆ. ಒಂದು ಬಟ್ಟೆ ಚೀಲದಲ್ಲಿಟ್ಟು ನಿಮ್ಮ ಬಾಗಿಲ ಹಿಡಿಗೆ ನೇತುಹಾಕಿ ಹೋಗುತ್ತಾರೆ. ನೀವು ಓದಿ, ನಿಮ್ಮ ಹೆಸರಿನ ಮುಂದೆ ಮನೆಯ ಮೊಹರು ಒತ್ತಿ, ಮರುದಿನ ಬೆಳಗ್ಗೆ ಮುಂದಿನ ಮನೆಯ ಬಾಗಿಲಿಗೆ ನೇತುಹಾಕಬೇಕು. ಒಂದನೇ ಮನೆಯಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಹೀಗೆ. ನಾನು ಸಾಧಾರಣವಾಗಿ ಓದುವ ಗೋಜಿಗೆ ಹೋಗುವುದಿಲ್ಲ. ಕಸದ ದಿನ ಬದಲಾಗಿದೆ ಎಂದೋ, ಬೆಕ್ಕು ಕಳೆದಿದೆ ಎಂದೋ ಇರುತ್ತದೆ ಎಂದುಕೊಂಡು ಮೊಹರು ಒತ್ತಿ ದಾಟಿಸಿಬಿಡುತ್ತೇನೆ. ಫ್ರೇಮು ಹಾಕಿದ ಸರ್ಟಿಫಿಕೇಟಿನ ಕೆಳಗೇ ಈ ಕೆಲಸ ನಡೆಯುತ್ತದೆ.

ಆ ಜೂನಿನಲ್ಲಿ ಬಂದ ಕಾಗದದಲ್ಲಿ ಏನಿತ್ತು ಎಂದು ಈಗಲೇ ಹೇಳಿಬಿಡುತ್ತೇನೆ, ನನಗೆ ಆಗ ಗೊತ್ತಿಲ್ಲದಿದ್ದರೂ. ಸೂರು ಹಳೆಯದಾಗಿದೆ, ರಿಪೇರಿ ಕಷ್ಟ, ಅಂಗಡಿಯವರಿಗೆಲ್ಲಾ ವಯಸ್ಸಾಗಿದೆ. ಜುಲೈ ಕೊನೆಯೊಳಗೆ ಅರ್ಜಿ ಹಾಕಿದರೆ ಸೂರನ್ನು ತೆಗೆಸಲು ನಗರಸಭೆ ನೆರವು ಕೊಡುತ್ತದೆ. ಎಲ್ಲರೂ ಒಪ್ಪಿದರೆ ಮಾತ್ರ. ಒಪ್ಪಿಗೆ ಇದೆಯೋ ಇಲ್ಲವೋ ಬರೆದು ಮೊಹರು ಒತ್ತಿ. ಇಷ್ಟು. ಸೂರು ಹೋದರೆ ಒಪ್ಪಂದವೂ ಹೋಯಿತು, ಒಪ್ಪಂದ ಹೋದರೆ ಮೊರಿತಾ ಸಾನರ ಇಪ್ಪತ್ತೇಳು ಛತ್ರಿಗಳೂ ಹೋದವು. ಆದರೆ ಜೀವಮಾನವಿಡೀ ಆ ಸೂರನ್ನು ಬೈದ ಮನುಷ್ಯ ಈಗ ಯಾವ ಬಾಯಲ್ಲಿ ಅದು ಬೇಕು ಎಂದಾರು? ಅವರಿಗಿಂತ ಮುಂಚಿನ ಹದಿಮೂರು ಮನೆಯವರೂ 'ಒಪ್ಪಿಗೆ' ಎಂದು ಬರೆದಿದ್ದರು. ಅವರೂ 'ಒಪ್ಪಿಗೆ' ಎಂದು ಬರೆದು, ಮೊಹರು ಒತ್ತಿ, ಚೀಲವನ್ನು ನಮ್ಮ ಬಾಗಿಲಿಗೆ ನೇತುಹಾಕಿದರು. ಜೊತೆಗೆ, ನಮ್ಮತ್ತೆ ಹೊಸದಾಗಿ ಬಂದಿದ್ದಾರೆಂದು, ಬಿವಾ ಎಂಬ ಹಳದಿ ಹಣ್ಣು ಆರು ಇಟ್ಟಿದ್ದರು.

ಚೀಲ ತೆಗೆದುಕೊಂಡು ಅತ್ತೆ ನನ್ನ ಕೋಣೆಗೆ ಬಂದಾಗ ನಾನು ಲ್ಯಾಪ್‌ಟಾಪಿನ ಮುಂದೆ ಬೆಂಗಳೂರಿನ ಮೀಟಿಂಗಿನಲ್ಲಿದ್ದೆ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರ ತಪ್ಪು ಹುಡುಕುವುದೇ ಕಸುಬು.

"ಸುಮಾ, ಇದೇನು ನೋಡು. ಕೆಳಗಿನ ಛತ್ರಿಯವರ ಚೀಲ. ಹಣ್ಣಿದೆ, ಏನೋ ಫೈಲೂ ಇದೆ."

ನಾನು ಮೈಕ್ ಮುಚ್ಚಿ, ತಿರುಗಿಯೂ ನೋಡದೆ, "ಹಣ್ಣು ತಗೊಂಡು ಚೀಲ ಅವರಿಗೆ ವಾಪಸ್ ಕೊಟ್ಬಿಡಿ ಅತ್ತೆ" ಅಂದೆ.

ಅತ್ತೆ ಹಾಗೇ ಮಾಡಿದರು. ಆದರೆ ಚೀಲವನ್ನು ಖಾಲಿ ಕೊಡಲು ಅವರಿಗೆ ಹೇಗೆ ಮನಸ್ಸು ಬಂದೀತು? ಕೋಡುಬಳೆ ಕರಿದು, ಡಬ್ಬಿಗೆ ತುಂಬಿ, ಫೈಲಿನ ಪಕ್ಕದಲ್ಲಿಟ್ಟು, ಮೊರಿತಾ ಸಾನರ ಬಾಗಿಲಿಗೆ ನೇತುಹಾಕಿ ಬಂದರು. ಐದು ದಿನದ ಮೇಲೆ ಚೀಲ ಮತ್ತೆ ನಮ್ಮ ಬಾಗಿಲಲ್ಲಿ. ಈ ಸಲ ಅಕ್ಕಿಯ ಗರಿಗರಿ ಬಿಲ್ಲೆಗಳು. "ಪಾಪ, ಎಷ್ಟು ಮರ್ಯಾದಸ್ಥರು" ಎಂದು ಅತ್ತೆ ಚಕ್ಕುಲಿ ಒತ್ತಿದರು. ಆಮೇಲೆ ಬಂದದ್ದು ಮೂಲಂಗಿ ಉಪ್ಪಿನಕಾಯಿ. ಅದನ್ನು ಮೂಸಿ ನೋಡಿ, ಬಾಲ್ಕನಿಯ ಮೂಲೆಯಲ್ಲಿ ದೂರ ಇಟ್ಟು, "ಕೊಟ್ಟವರ ಮನಸ್ಸು ದೊಡ್ಡದು" ಎಂದು ಪುಳಿಯೋಗರೆ ಕಳಿಸಿದರು. ರಟ್ಟು ಮಾತ್ರ ಪ್ರತಿ ಸಲವೂ ಚೀಲದಲ್ಲೇ ಇತ್ತು. ನನಗೆ ರಾತ್ರಿ ಊಟಕ್ಕೆ ಚಕ್ಕುಲಿ ಸಿಗುತ್ತಿತ್ತು, ತಿನ್ನುತ್ತಿದ್ದೆ. ಯಾಕೆ ಇಷ್ಟೊಂದು ಕರಿಯುತ್ತಿದ್ದೀರಿ ಎಂದು ಒಂದು ಮಾತು ಕೇಳಲಿಲ್ಲ.

ಮೂರು ವಾರ ಕಳೆದು ಒಂದು ಶನಿವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಸಂಘದ ಅಧ್ಯಕ್ಷರು, ಓಕುಬೋ ಸಾನ್. ಪೋಸ್ಟ್‌ಕಾರ್ಡ್ ಹುಚ್ಚಿನ ಟೀ ಅಜ್ಜನ ಮೊಮ್ಮಗ. ಕೊರಳಿಗೆ ಸುತ್ತಿದ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಮೂರು ಸಲ ಸುಮಿಮಾಸೆನ್, ಅಂದರೆ ಕ್ಷಮಿಸಿ, ಅಂದರು. ಜಪಾನಿನಲ್ಲಿ ಒಂದು ಸುಮಿಮಾಸೆನ್ ಸಹಜ, ಎರಡು ಬಂದರೆ ಏನೋ ಕೆಲಸ ಇದೆ, ಮೂರು ಬಂದರೆ ತಪ್ಪು ನಮ್ಮದೇ ಎಂದು ತಿಳಿಯಬೇಕು.

"ಕೈರಾನ್‌ಬನ್ ಎಲ್ಲೋ ನಿಂತುಹೋಗಿದೆ" ಅಂದರು. "ಹದಿನಾಲ್ಕನೇ ಮನೆಯವರು ಮುಂದಕ್ಕೆ ಕೊಟ್ಟಾಯಿತು ಅನ್ನುತ್ತಾರೆ. ಹದಿನಾರನೇ ಮನೆಯವರು ಇನ್ನೂ ಬಂದಿಲ್ಲ ಅನ್ನುತ್ತಾರೆ."

ನಡುವೆ ಉಳಿದ ಮನೆ ಯಾವುದು ಎಂದು ಅವರು ಹೇಳಲಿಲ್ಲ, ಅಷ್ಟು ಸೌಜನ್ಯ. ನಾನು ಎದೆಯುಬ್ಬಿಸಿ, ಮೂರನೇ ಮಟ್ಟದ ವ್ಯಾಕರಣವನ್ನೆಲ್ಲಾ ಬಳಸಿ, ನಮ್ಮ ಮನೆಗೆ ಅಂಥದ್ದೇನೂ ಬಂದೇ ಇಲ್ಲವೆಂದು ವಿವರಿಸಿದೆ. ಬಂದಿದ್ದರೆ ನನಗೆ ಗೊತ್ತಾಗದೆ ಇರುತ್ತಿರಲಿಲ್ಲವೆಂದೂ ಸೇರಿಸಿದೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಚೀಲ ಹಿಡಿದು ಬಂದರು. ಹಿಂದಿನ ದಿನ ಬಂದ ಹಲ್ವದಂಥ ಸಿಹಿಯ ಬದಲಿಗೆ ಅದರಲ್ಲಿ ರವೆ ಉಂಡೆಯ ಡಬ್ಬಿ ಕೂತಿತ್ತು.

"ಇದನ್ನಾ ಅವರು ಕೇಳ್ತಿರೋದು?" ಅಂದರು.

ಓಕುಬೋ ಸಾನ್ ಎರಡೂ ಕೈಯಲ್ಲಿ ರಟ್ಟು ತೆಗೆದುಕೊಂಡು ನೋಡಿದರು. ನೋಡುತ್ತಾ ನೋಡುತ್ತಾ ಹೊಸಿಲ ಮೇಲೇ ಕೂತುಬಿಟ್ಟರು. ನಾನೂ ಬಗ್ಗಿ ನೋಡಿದೆ. ಅವತ್ತು ಮೊದಲ ಬಾರಿಗೆ ಓದಿದೆ. ಒಂದರಿಂದ ಹದಿಮೂರರವರೆಗೆ ನೀಟಾಗಿ 'ಒಪ್ಪಿಗೆ', ಒಂದೊಂದು ಕೆಂಪು ಮೊಹರು. ಹದಿನಾಲ್ಕರಲ್ಲಿ ಮಾತ್ರ ಜಾಗವೇ ಉಳಿದಿರಲಿಲ್ಲ. ಇಲ್ಲಿ ಬರೆದದ್ದನ್ನು ತಿದ್ದಬೇಕಾದರೆ ಎರಡು ಗೆರೆ ಎಳೆದು ಅದರ ಮೇಲೊಂದು ಮೊಹರು ಒತ್ತಬೇಕು. 'ಒಪ್ಪಿಗೆ' ಎಂದು ಬರೆದು ಹೊಡೆದುಹಾಕಿದ್ದರು. 'ಯೋಚಿಸುತ್ತಿದ್ದೇನೆ' ಎಂದು ಬರೆದು ಹೊಡೆದುಹಾಕಿದ್ದರು. 'ಹೆಚ್ಚಿನವರ ಅಭಿಪ್ರಾಯದಂತೆ ಆಗಲಿ' ಎಂದು ಬರೆದು ಅದನ್ನೂ ಹೊಡೆದುಹಾಕಿದ್ದರು. ಎಲ್ಲಕ್ಕಿಂತ ಕೆಳಗೆ, ಅಂಚಿಗೆ ಅಂಟಿಕೊಂಡ ಹಾಗೆ, ಸಣ್ಣ ಅಕ್ಷರದಲ್ಲಿ 'ಒಪ್ಪಿಗೆ ಇಲ್ಲ' ಎಂದಿತ್ತು.

"ನೀವು ಅವರಿಗೆ ಏನಾದರೂ ಹೇಳಿದಿರಾ?" ಓಕುಬೋ ಸಾನ್ ಮೆಲ್ಲಗೆ ಕೇಳಿದರು.

"ಇಲ್ಲ, ಒಂದು ಮಾತೂ ಇಲ್ಲ."

"ಆದರೆ ರಟ್ಟನ್ನು ಹಿಂದಕ್ಕೆ ಕಳಿಸಿದ್ದೀರಿ. ಈ ಬೀದಿಯಲ್ಲಿ ಯಾರೂ ಯಾವತ್ತೂ ಹಿಂದಕ್ಕೆ ಕಳಿಸಿದ್ದಿಲ್ಲ. ಕಳಿಸಿದರೆ, ದಯವಿಟ್ಟು ಇನ್ನೊಮ್ಮೆ ಯೋಚಿಸಿ ಎಂದು ಹೇಳಿದ ಹಾಗೆ. ಅದೂ ಮೂರು ಸಲ, ತಿಂಡಿಯ ಸಮೇತ."

ನಾಲಿಗೆ ಕಚ್ಚಿಕೊಂಡೆ. ಅತ್ತೆಗೆ ಎಲ್ಲಾ ಬಿಡಿಸಿ ಹೇಳಿದೆ. ಕಾಗದದಲ್ಲಿ ಏನಿದೆ, ಸೂರಿನ ಗತಿ ಏನು, ಮೊರಿತಾ ಸಾನ್ ನಮ್ಮ ಚೀಲವನ್ನು ಏನೆಂದು ತಿಳಿದುಕೊಂಡಿದ್ದಾರೆ, ಎಲ್ಲವನ್ನೂ. ಅತ್ತೆ ರಟ್ಟಿನತ್ತ ನೋಡಿ ಕೆನ್ನೆಗೆ ಕೈ ಹಚ್ಚಿಕೊಂಡರು.

"ಅಯ್ಯೋ ಶಿವನೇ. ಪ್ರತಿ ಸಲ ಒಂದು ಕೆಂಪು ಬೊಟ್ಟು ಜಾಸ್ತಿ ಆಗಿರ್ತಿತ್ತು ಕಣೆ. ಕೋಡುಬಳೆಗೆ ಒಂದು, ಚಕ್ಕುಲಿಗೆ ಒಂದು ಅಂತ ಗುರುತು ಹಾಕ್ಕೊಳ್ತಿದ್ದಾರೆ ಅಂದ್ಕೊಂಡಿದ್ದೆ."

"ತಪ್ಪು ನಂದು ಅತ್ತೆ. ನಾನು ನೋಡದೆ ವಾಪಸ್ ಕೊಡಿ ಅಂದೆ."

"ಅದು ಸರಿ. ಈಗ ಅವರಿಗೆ ನಿಜ ಹೇಳಬೇಕಲ್ಲ."

ನಾನು ತಡವರಿಸಿದೆ. ಹೇಳದೆ ಇದ್ದರೆ 'ಒಪ್ಪಿಗೆ ಇಲ್ಲ' ಎಂಬುದು ಹಾಗೇ ಉಳಿಯುತ್ತದೆ, ಸೂರೂ ಉಳಿಯುತ್ತದೆ. ಹೇಳಿದರೆ ಪಾಪ ಆ ಮನುಷ್ಯ ನಾಚಿಕೊಂಡು ಮತ್ತೆ ಎರಡು ಗೆರೆ ಎಳೆದು 'ಒಪ್ಪಿಗೆ' ಎಂದು ಬರೆದಾರು. ನಿಜ ಹೇಳುತ್ತೇನೆ, ನನಗೆ ಸುಮ್ಮನಿರಬೇಕೆಂದೇ ಇತ್ತು. "ಸೂರು ಹೋದ್ರೆ ನಿಮ್ಮ ವಾಕಿಂಗೂ ಹೋಗತ್ತೆ ಅತ್ತೆ" ಎಂದು ಆಸೆ ತೋರಿಸಿಯೂ ನೋಡಿದೆ.

ಅತ್ತೆ ಆಗಲೇ ಶೂ ಹಾಕಿಕೊಳ್ಳುತ್ತಿದ್ದರು. "ನನ್ನ ಮಂಡಿಗೋಸ್ಕರ ಅವರನ್ನ ಮೋಸದಲ್ಲಿ ಇಟ್ಟಿರಕ್ಕಾಗತ್ತಾ? ನಡಿ, ನಾನು ಹೇಳ್ತೀನಿ, ನೀನು ಅವರ ಭಾಷೇಲಿ ಹೇಳು. ಈ ಸಲನಾದ್ರೂ ಸರಿಯಾಗಿ ಹೇಳು."

ಅತ್ತೆ ಚೀಲ ಹಿಡಿದುಕೊಂಡರು, ಮೂವರೂ ಕೆಳಗಿಳಿದೆವು. ಮೊರಿತಾ ಸಾನ್ ಕಡ್ಡಿಗೆ ಬಟ್ಟೆ ಹೊಲಿಯುತ್ತಾ ಕೂತಿದ್ದವರು, ಓಕುಬೋ ಸಾನರ ಕೈಯಲ್ಲಿದ್ದ ರಟ್ಟು ನೋಡಿ ಸೂಜಿ ಕೆಳಗಿಟ್ಟರು. ನಾನು ಸೊಂಟ ಬಗ್ಗಿಸಿ ನಮಸ್ಕಾರ ಮಾಡುವಷ್ಟರಲ್ಲಿ ಅತ್ತೆ ಶುರುಮಾಡಿಬಿಟ್ಟರು.

"ಮೊರಿತಾ ಸಾನ್ ಅವರೇ, ತಪ್ಪಾಯ್ತು. ಅದು ಊರಿಗೆಲ್ಲಾ ಸುತ್ತೋ ಕಾಗದ ಅಂತ ನನಗೆ ಗೊತ್ತಿರ್ಲಿಲ್ಲ. ನಿಮ್ಮನ್ನ ಯೋಚನೆ ಮಾಡಿ ಅಂತ ಹೇಳೋಕೆ ನಾನ್ಯಾರು? ಬಂದ ಚೀಲ ಖಾಲಿ ಕೊಡಬಾರದು ಅಂತ ತಿಂಡಿ ಹಾಕ್ದೆ, ಅಷ್ಟೆ. ನಿಮ್ಮ ಮನಸ್ಸಲ್ಲಿ ಮೊದಲು ಏನಿತ್ತೋ ಅದನ್ನೇ ಬರ್ಕೊಳಿ. ನಾವು ಬೇಜಾರು ಮಾಡ್ಕೊಳಲ್ಲ."

ನಾನು ಒಂದು ಅಕ್ಷರ ಬಿಡದೆ ಜಪಾನಿಗೆ ತಂದೆ. ನನ್ನ ಅತ್ಯುತ್ತಮ ಜಪಾನಿ ಅದು, ಬೆವರು ಇಳಿಯಿತು.

ಮೊರಿತಾ ಸಾನ್ ಕನ್ನಡಕ ತೆಗೆದು ಒರೆಸಿಕೊಂಡರು. "ಎರಡನೇ ಸಲವೇ ಗೊತ್ತಾಯಿತು" ಅಂದರು. "ಆ ಸುರುಳಿ ತಿಂಡಿ ಇನ್ನೂ ಬಿಸಿ ಇತ್ತು. ಯೋಚನೆ ಮಾಡಿ ಎಂದು ಬುದ್ಧಿ ಹೇಳುವವರು ಯಾರೂ ಬಿಸಿ ಬಿಸಿ ಕರಿದು ಕಳಿಸುವುದಿಲ್ಲ."

"ಗೊತ್ತಿದ್ದೂ ಮತ್ತೆ ಮತ್ತೆ ನಮಗೇ ಯಾಕೆ ಕಳಿಸಿದಿರಿ? ಇದು ಮುಂದಕ್ಕೆ ಹೋಗಬೇಕು ಅಂತ ಒಂದು ಮಾತು ಹೇಳಬಹುದಿತ್ತಲ್ಲ" ಎಂದು ನಾನು ಕೇಳಿದೆ.

ಅವರು ಅರ್ಧ ಹೊಲಿದ ಬಟ್ಟೆಯನ್ನು ಮಡಿಲಲ್ಲಿ ನೇರ ಮಾಡಿಕೊಂಡರು. "ಈ ರಟ್ಟು ಒಂದು ಮನೆಯಲ್ಲಿ ಒಂದೇ ರಾತ್ರಿ ಇರುತ್ತದೆ. ಬೆಳಗ್ಗೆ ಮುಂದಕ್ಕೆ ಹೋಗಬೇಕು. ನನ್ನ ಹತ್ತಿರ ಬಂದಾಗ ಅದರಲ್ಲಿ ಹದಿಮೂರು ಒಪ್ಪಿಗೆ ಇತ್ತು. ಹದಿಮೂರು ಜನರ ಎದುರಿಗೆ, ಇಷ್ಟು ವರ್ಷ ನಾನು ಬೈದ ಈ ಸೂರು ನನಗೆ ಬೇಕು ಎಂದು ಬರೆಯುವ ಧೈರ್ಯ ಒಂದು ರಾತ್ರಿಗೆ ಬರಲಿಲ್ಲ. ನಿಮ್ಮ ಅತ್ತೆಯಿಂದ ಮೂರು ವಾರ ಸಿಕ್ಕಿತು." ಆಮೇಲೆ ಓಕುಬೋ ಸಾನರ ಕಡೆ ತಿರುಗಿ ಹೇಳಿದರು, "ನನಗೆ ಈ ಸೂರು ಬೇಕು. ಇದು ಹೋದರೆ ನಾನು ಯಾರಿಗೆ ಛತ್ರಿ ಮಾಡಲಿ?"

ಅತ್ತೆ ನನ್ನ ತೋಳು ತಿವಿದು, "ಏನಂದ್ರು, ಏನಂದ್ರು?" ಅಂದರು. ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡು ರವೆ ಉಂಡೆಯ ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟರು.

ಓಕುಬೋ ಸಾನ್ ಕೆಮ್ಮಿದರು. "ಮೊರಿತಾ ಸಾನ್, ನಿಮ್ಮ ಮಾತು ಸರಿ. ಆದರೆ ನಿಮಗಿಂತ ಮುಂಚಿನ ಹದಿಮೂರು ಜನ ಒಪ್ಪಿದ್ದಾರಲ್ಲ."

"ಅವರಿಗೂ ಸಿಕ್ಕಿದ್ದು ಒಂದೇ ರಾತ್ರಿ" ಎಂದು ಮೊರಿತಾ ಸಾನ್ ಎದ್ದರು. ಓಕುಬೋ ಸಾನರ ಕೈಯಿಂದ ರಟ್ಟು ತೆಗೆದುಕೊಂಡು ಚೀಲಕ್ಕೆ ಹಾಕಿದರು. ಒಂದು ಕ್ಷಣ ಯೋಚಿಸಿ ಡಬ್ಬಿಯಿಂದ ಎರಡು ರವೆ ಉಂಡೆಯನ್ನೂ ಕಾಗದದಲ್ಲಿ ಸುತ್ತಿ ಒಳಗಿಟ್ಟರು. ಬೀದಿಗಿಳಿದು ಎಡಕ್ಕೆ ತಿರುಗಿದರು. ಹದಿನಾರನೇ ಮನೆ ಇರುವುದು ಬಲಕ್ಕೆ.

"ರಟ್ಟು ಹಿಂದಕ್ಕೆ ಹೋಗುವುದಿಲ್ಲ" ಎಂದು ಓಕುಬೋ ಸಾನ್ ಬಾಗಿಲಿಗೆ ಬಂದು ಹೇಳಿದರು.

"ಮೂರು ವಾರದಿಂದ ಹೋಗುತ್ತಲೇ ಇದೆಯಲ್ಲ" ಎಂದು ಮೊರಿತಾ ಸಾನ್ ಹದಿಮೂರನೇ ಮನೆಯ ಬಾಗಿಲು ತಟ್ಟಿದರು.

"ಎರಡು ಉಂಡೆ ಎಲ್ಲಿಗೆ ಸಾಕು? ಇನ್ನೂ ಒಂದು ಕೆಜಿ ರವೆ ಹುರೀಬೇಕು" ಎಂದು ಅತ್ತೆ ಮೆಟ್ಟಿಲ ಕಡೆ ಓಡಿದರು, ಮಂಡಿನೋವನ್ನು ಮರೆತು.

ಓಕುಬೋ ಸಾನ್ ಅಲ್ಲೇ ನಿಂತು ಸ್ವಲ್ಪ ಹೊತ್ತು ಮೇಲಿನ ಗಾಜನ್ನು ನೋಡಿದರು. ಮಳೆ ಜೋರಾಗಿತ್ತು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ತಮ್ಮ ಮನೆಯ ಮೊಹರು ಹೊರತೆಗೆದರು, ಶಾಯಿ ಇದೆಯೋ ಎಂದು ಅಂಗೈಗೆ ಒಮ್ಮೆ ಒತ್ತಿ ನೋಡಿಕೊಂಡು, ಮೊರಿತಾ ಸಾನರ ಹಿಂದೆಯೇ ಸರಸರನೆ ಹೊರಟರು. ಆ ಕಾಗದದಲ್ಲಿ ಮೊಟ್ಟಮೊದಲ 'ಒಪ್ಪಿಗೆ' ಅವರದೇ.